ಸೀಟಿ ಹೊಡೆದ ಸೋಫಾ

ನಮ್ಮ ಅಳಿಯನ ಬಾಯಲ್ಲಿ ಹಲ್ಲಿಗಿಂತ ಮೊಳೆಗಳೇ ಹೆಚ್ಚು ಎಂದು ನಾನು ಹೇಳಿದಾಗಲೆಲ್ಲ ಮಗಳು ಮುಖ ಊದಿಸುತ್ತಾಳೆ. ಊದಿಸಲಿ ಬಿಡಿ. ಅವನದು ಸೋಫಾ ರಿಪೇರಿ ಕೆಲಸ. ಎಡಗೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು. ಹಾಗಾದರೆ ಮೊಳೆ ಎಲ್ಲಿರಬೇಕು? ಬಾಯಲ್ಲಿ. ಒಂದು ಹಿಡಿ ಚಿಕ್ಕ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಗೆಯಿಂದಲೇ ಒಂದೊಂದನ್ನು ತುಟಿಗೆ ತಂದು ಕೊಡುತ್ತಾನೆ. ಈಗ ಗಾಳಿಯ ಒತ್ತಡದಲ್ಲಿ ಪಿನ್ನು ಹೊಡೆಯುವ ಗನ್ನು ಬಂದಿದೆ, ಅದೂ ಅವನ ಹತ್ತಿರ ಇದೆ. ಆದರೆ ಹಳೆಯ ಮರದ ಸೋಫಾಗೆ ಕೈಮೊಳೆಯೇ ಸರಿ ಎಂದು ಅವನ ಹಟ. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಅವನು ಮಾತಾಡುವಂತಿಲ್ಲ. ಸಂಜೆಯ ಮೇಲೆ ಮಾತಾಡಬಹುದು, ಆದರೆ ಅಷ್ಟರಲ್ಲಿ ಅಭ್ಯಾಸ ತಪ್ಪಿಹೋಗಿರುತ್ತದೆ. ‘ಹೂಂ’ ಎಂದರೆ ಅವನ ಮಟ್ಟಿಗೆ ಅದೊಂದು ಭಾಷಣ.

ನಾನೋ, ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವಳು. ಕಿಕ್ಕಿರಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ‘ಮುಂದೆ ಹೋಗಿ, ಮುಂದೆ ಜಾಗ ಇದೆ’ ಎಂದು ಕೂಗಿದರೆ ಪಕ್ಕದ ಬಸ್ಸಿನವರೂ ಮುಂದೆ ಹೋಗುತ್ತಿದ್ದರು. ನಿವೃತ್ತಿ ಆದದ್ದು ನನಗೆ, ನನ್ನ ಗಂಟಲಿಗಲ್ಲ. ಈಗಲೂ ಬೀದಿಯವರಿಗೆ ನಾನು ಕಂಡಕ್ಟರಮ್ಮನೇ.

ಅಳಿಯ ನನಗೆ ಸಿಕ್ಕಿದ್ದು ಕೂಡ ಬಸ್ಸಿನಲ್ಲೇ ಅನ್ನಿ. ಆಗ ಅವನು ಡಿಪೋದಲ್ಲಿ ಹರಿದ ಸೀಟುಗಳನ್ನು ಹೊಲಿಯಲು ಬರುತ್ತಿದ್ದ. ನನ್ನ ಸೀಟಿನಲ್ಲಿ ಒಂದು ಸ್ಪ್ರಿಂಗು ತಲೆಯೆತ್ತಿ ವರ್ಷಗಟ್ಟಲೆ ನನ್ನ ಪ್ರಾಣ ತಿನ್ನುತ್ತಿತ್ತು. ದೂರು ಕೊಟ್ಟೆ, ಬೈದೆ, ಕೂಗಾಡಿದೆ, ಯಾರೂ ಕೇರ್ ಮಾಡಲಿಲ್ಲ. ಒಂದು ಬೆಳಿಗ್ಗೆ ಹೋಗಿ ಕೂತವಳು ಗಾಬರಿಯಾಗಿ ಎದ್ದುಬಿಟ್ಟೆ, ಬೇರೆ ಬಸ್ಸು ಹತ್ತಿದೆನೇನೋ ಅನ್ನಿಸಿತು. ಸೀಟು ಅಷ್ಟು ಮೆತ್ತಗಿತ್ತು! ಯಾರಪ್ಪಾ ಮಾಡಿದ್ದು ಎಂದು ವಿಚಾರಿಸಿದರೆ, ಮೂಲೆಯಲ್ಲಿ ಕೂತಿದ್ದ ಒಬ್ಬ ತೆಳ್ಳನೆ ಹುಡುಗ ಬಾಯಿ ತುಂಬ ಮೊಳೆ ಇಟ್ಟುಕೊಂಡು ಕೈ ಎತ್ತಿದ. ಅವತ್ತಿನಿಂದ ನಾನು ಅವನಿಗೂ ಸೇರಿಸಿ ಊಟ ತರಿಸಲು ಶುರುಮಾಡಿದೆ. ಊಟ ತರುತ್ತಿದ್ದವಳು ನನ್ನ ಮಗಳು. ಕೊನೆಕೊನೆಗೆ ನನಗೆ ಹಸಿವಾಗದ ದಿನವೂ ಊಟ ಬರತೊಡಗಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ಅಲ್ವೇ, ಅಷ್ಟೊತ್ತು ಅವನ ಹತ್ರ ಏನು ಮಾತಾಡ್ತೀಯ? ಅವನಿಗೆ ಮಾತು ಬರುತ್ತಾ ಮೊದ್ಲು?”

“ಅವ್ರು ಮಾತಾಡಲ್ಲಮ್ಮ. ನಾನು ಮಾತಾಡ್ತೀನಿ, ಅವ್ರು ಕೇಳ್ತಾರೆ. ನಮ್ಮನೇಲಿ ಯಾರು ನನ್ನ ಮಾತು ಕೇಳಿದಾರೆ ಹೇಳು?”

ಕೇಳುವವನೊಬ್ಬ ಸಿಕ್ಕಿದ್ದಾನಲ್ಲ ಎಂದು ಮದುವೆ ಮಾಡಿಕೊಟ್ಟೆ. ಎದುರಿಗೆ ‘ಅಳಿಯಂದ್ರೇ’ ಎಂದು ಬಹುವಚನ, ಬೆನ್ನ ಹಿಂದೆ ಏಕವಚನ, ಹೀಗೆ ನಮ್ಮ ಸಂಬಂಧ ಇಷ್ಟು ವರ್ಷ ಚೆನ್ನಾಗಿಯೇ ನಡೆದಿದೆ.

ನಮ್ಮ ಮನೆ ಎಂದರೆ ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ರೂಮು, ನಡುವೆ ಒಂದು ಹಾಲು. ಶೆಡ್ಡಿನಲ್ಲಿ ಅಳಿಯನ ಸುತ್ತಿಗೆ, ಪಕ್ಕದಲ್ಲೇ ಮಗಳ ಹೊಲಿಗೆ ಮಿಷನ್ನು. ಅವಳು ಕವರು ಹೊಲಿಯುತ್ತಾಳೆ, ಅವನು ತೊಡಿಸುತ್ತಾನೆ. ಹಾಲಿನಲ್ಲಿ ಸೋಫಾಗಳು. ಆದರೆ ಒಂದೂ ನಮ್ಮದಲ್ಲ! ಗಿರಾಕಿಗಳು ಒಯ್ಯುವವರೆಗೆ ನಾವು ಅದರ ಮೇಲೆ ಕೂರುತ್ತೇವೆ. ಒಂದು ತಿಂಗಳು ವಕೀಲರ ಸೋಫಾ, ಇನ್ನೊಂದು ತಿಂಗಳು ಹೋಟೆಲಿನವರದು. ಒಮ್ಮೆ ನಾಟಕ ಕಂಪನಿಯ ಸಿಂಹಾಸನ ಬಂದಿತ್ತು. ಅದರಿಂದ ಮೊಮ್ಮಗಳನ್ನು ಕೆಳಗಿಳಿಸಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೂರುವುದಕ್ಕೆ ಒಂದೇ ನಿಯಮ: ಸೋಫಾದ ಮೇಲೆ ತಿನ್ನುವಂತಿಲ್ಲ. ಒಂದು ಚೂರು ಬಿದ್ದರೂ ಮಗಳು ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ.

ಮೊಮ್ಮಗಳನ್ನು ನಾವು ಬಟಾಣಿ ಎನ್ನುತ್ತೇವೆ. ಹುಟ್ಟಿದಾಗ ಅಷ್ಟೇ ಇದ್ದಳು. ಈಗ ಐದು ವರ್ಷ. ಅವಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ನಮಗೆ ಬಹಳ ದಿನ ತಿಳಿಯಲೇ ಇಲ್ಲ. ಹೇಗೆ ತಿಳಿಯಬೇಕು ಹೇಳಿ? ಒಂದು ಕಡೆ ಸುತ್ತಿಗೆ, ಇನ್ನೊಂದು ಕಡೆ ಹೊಲಿಗೆ ಮಿಷನ್ನು, ನಡುವೆ ನಾನು. ಈ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವವರು, ಒಬ್ಬನನ್ನು ಬಿಟ್ಟು. ಜೊತೆಗೆ ಬಟಾಣಿಗೆ ತಲೆಯಾಡಿಸುವ ಚಾಳಿ. ಏನು ಕೇಳಿದರೂ ‘ಹೂಂ’ ಎಂಬಂತೆ ತಲೆಯಾಡಿಸಿ ನಗುತ್ತಿದ್ದಳು. ಅಪ್ಪನ ಮಗಳು, ಮಾತು ಕಡಿಮೆ ಎಂದುಕೊಂಡೆವು. ಕರೆದರೆ ಬರುತ್ತಿರಲಿಲ್ಲ. ಅಜ್ಜಿಯ ಮೊಮ್ಮಗಳು, ಯಾರ ಮಾತೂ ಕೇಳುವುದಿಲ್ಲ ಎಂದುಕೊಂಡೆವು.

ಕಂಡುಹಿಡಿದವನು ಅಳಿಯ. ಅವನು ಮೊಳೆ ಹೊಡೆಯುವಾಗ ಬಟಾಣಿ ಬಂದು ಸೋಫಾದ ಮರಕ್ಕೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಆಟ ಎಂದುಕೊಂಡಿದ್ದೆವು. ಒಂದು ದಿನ ಅವಳ ಬೆನ್ನ ಹಿಂದೆ ಅವನ ಕೈಯಿಂದ ಸುತ್ತಿಗೆ ಜಾರಿ ಕಬ್ಬಿಣದ ತಟ್ಟೆಯ ಮೇಲೆ ಬಿತ್ತಂತೆ. ಒಳಗಿದ್ದ ನಾನು ಬೆಚ್ಚಿ ಎದ್ದೆ, ಬಟಾಣಿ ತಿರುಗಿಯೂ ನೋಡಲಿಲ್ಲ. ಅವತ್ತು ಅವನು ಊಟಕ್ಕೆ ಕೂತವನು ತುತ್ತು ಎತ್ತದೆ, “ಇವಳು ಸುತ್ತಿಗೆ ಸದ್ದು ಕೈಯಲ್ಲಿ ಕೇಳ್ತಾಳೆ” ಎಂದ. ಇಷ್ಟು ಉದ್ದದ ಮಾತು ಆಡಿದ್ದಾನೆಂದರೆ ವಿಷಯ ಸಣ್ಣದಲ್ಲ ಎಂದು ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು.

ಡಾಕ್ಟರು ಪರೀಕ್ಷೆ ಮಾಡಿ, ಎಡಗಿವಿಯ ಆಸೆ ಬಿಡಿ, ಬಲಗಿವಿಗೆ ಮಿಷನ್ ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ ಎಂದರು. “ಆದ್ರೂ ಇಷ್ಟು ಮಾತು ಹೇಗೆ ಕಲಿತಿದಾಳೆ ಅಂತ ನನಗೇ ಆಶ್ಚರ್ಯ. ಮನೇಲಿ ಯಾರಾದ್ರೂ ತುಂಬಾ ಜೋರಾಗಿ ಮಾತಾಡ್ತಾರಾ?” ಎಂದು ಕೇಳಿದರು.

“ಯಾಕ್ ಡಾಕ್ಟ್ರೇ?” ಎಂದೆ ನಾನು.

ಡಾಕ್ಟರು ಕಿವಿ ಉಜ್ಜಿಕೊಂಡು, “ಗೊತ್ತಾಯ್ತು ಬಿಡಿ” ಎಂದರು. ನಾನು ಆ ದಿನವೆಲ್ಲ ಮಗಳ ಮುಂದೆ ಎದೆಯುಬ್ಬಿಸಿ ಓಡಾಡಿದೆ.

ಕಿವಿ ಮಿಷನ್ ಬಂದದ್ದು ಈ ವರ್ಷದ ನಡುಮಧ್ಯದಲ್ಲಿ. ಹಾಕಿದ ದಿನ ನಾನು ಪ್ರೀತಿಯಿಂದ “ಬಟಾಣೀ” ಎಂದು ಕರೆದೆ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು “ಅಜ್ಜಿ ಜೋರು” ಎಂದಳು. ಅಷ್ಟು ವರ್ಷ ಬಸ್ಸಿನವರು ಯಾರೂ ಹೇಳದ ಮಾತನ್ನು ಇದು ಹೇಳಿತಲ್ಲ! ಆಮೇಲೆ ಮನೆಯ ಸದ್ದೆಲ್ಲ ಅವಳಿಗೆ ಹೊಸದು. ನಲ್ಲಿ ತೊಟ್ಟಿಕ್ಕುವುದನ್ನು ತೋರಿಸಿ ಕುಣಿದಳು. ಬಾಗಿಲು ಕಿರುಗುಟ್ಟಿದರೆ, ಎಣ್ಣೆ ಹಾಕಬೇಡಿ ಎಂದು ಹಟ ಹಿಡಿದಳು. ಮಾತು ಎಲ್ಲಿಂದ ಬಂತೋ, ಸುರಿಮಳೆ. ಇನ್ನೊಂದು ತಮಾಷೆ ಏನೆಂದರೆ, ಅವಳನ್ನು ಯಾರಾದರೂ ಅಪ್ಪಿಕೊಂಡರೆ ಮಿಷನ್ನಿಗೆ ಏನೋ ಅಡ್ಡವಾಗಿ ಅದು ಕುಯ್ಯ್ ಎಂದು ತೆಳ್ಳಗೆ ಸೀಟಿ ಹೊಡೆಯುತ್ತದೆ. “ರೈಟ್ ರೈಟ್” ಎಂದು ನಾನು ಬಿಟ್ಟುಬಿಡುತ್ತೇನೆ. ಅವಳಿಗೆ ಇದರಲ್ಲಿ ಎಷ್ಟು ಖುಷಿ ಎಂದರೆ, ಸೀಟಿ ಕೇಳಲೆಂದೇ ದಿನಕ್ಕೆ ಹತ್ತು ಸಲ ಬಂದು ಅಪ್ಪಿಕೊಳ್ಳುತ್ತಾಳೆ.

ಮಲಗುವಾಗ ಮಾತ್ರ ಮಿಷನ್ ತೆಗೆಯಬೇಕು. ಮೊದಮೊದಲು ಬಟಾಣಿ ಅಳುತ್ತಿದ್ದಳು. ಆಗ ಮಗಳು ಒಂದು ಉಪಾಯ ಮಾಡಿದಳು. ಪುಟ್ಟ ಡಬ್ಬಿಯಲ್ಲಿ ಹತ್ತಿ ಹಾಸಿ, ಮಿಷನ್ನನ್ನು ಅದರಲ್ಲಿ ಇಟ್ಟು, ಮೇಲೆ ಒಂದು ಬಟ್ಟೆಯ ತುಂಡು ಹೊದಿಸಿ, “ಶ್... ಅದಕ್ಕೂ ನಿದ್ದೆ ಬಂತು. ಮಲಗ್ಲಿ” ಎನ್ನುವಳು. ಬಟಾಣಿ ಆ ಬಟ್ಟೆಯ ಮೇಲೆ ಮೆಲ್ಲಗೆ ತಟ್ಟಿ ತಾನೂ ಮಲಗುವಳು. ಉಪಾಯವೇನೋ ಚೆನ್ನಾಗಿತ್ತು. ಅದೇ ಮುಂದೆ ನಮ್ಮೆಲ್ಲರ ಜೀವ ಹಿಂಡಿತು.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ, ಇದೂ ಮಗಳದೇ. ವರ್ಷದ ಕೊನೆಯ ರಜೆಯಲ್ಲಿ, ಕೊನೆಯ ದಿನ ಸಂಜೆ ಎಲ್ಲರೂ ಒಟ್ಟಿಗೆ ಕೂತು, ಆ ವರ್ಷದಲ್ಲಿ ತಮಗೆ ಸಿಕ್ಕ ಒಂದು ಒಳ್ಳೆಯದನ್ನು ಹೇಳಿ ಥ್ಯಾಂಕ್ಸ್ ಅನ್ನಬೇಕು. ‘ಎಲ್ಲಾ ಚೆನ್ನಾಗಿತ್ತು’ ಎಂದರೆ ನಡೆಯುವುದಿಲ್ಲ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಒಂದೇ ಒಂದು ಹೇಳಬೇಕು. ನಾನು ಒಂದು ಹೇಳೆಂದರೆ ಎಂಟು ಹೇಳುತ್ತೇನೆ. ಅಳಿಯ ಪ್ರತಿ ವರ್ಷ ಆ ಹೊತ್ತಿಗೆ ಸರಿಯಾಗಿ ಬಾಯಿಗೆ ಮೊಳೆ ಹಾಕಿಕೊಂಡು ಏನೋ ಅರ್ಜೆಂಟು ಕೆಲಸ ಹಿಡಿಯುತ್ತಾನೆ, ಇಲ್ಲವೇ ಎರಡೂ ಕೈ ಜೋಡಿಸಿ ತಪ್ಪಿಸಿಕೊಳ್ಳುತ್ತಾನೆ.

ಈ ವರ್ಷ ಮಗಳು ಬಿಡಲಿಲ್ಲ. “ರೀ, ಈ ಸಲ ಬಾಯಿ ಬಿಟ್ಟು ಹೇಳ್ಬೇಕು. ಇಷ್ಟು ದಿನ ಅವಳಿಗೆ ಕೇಳಿಸ್ತಿರ್ಲಿಲ್ಲ, ನೀವು ಹೇಳ್ತಿರ್ಲಿಲ್ಲ, ಸರಿಹೋಗಿತ್ತು. ಈಗ ಅವಳಿಗೆ ಕೇಳಿಸುತ್ತೆ” ಎಂದಳು. ಅಳಿಯ ‘ಹೂಂ’ ಎಂದ. ಮರುದಿನದಿಂದ ಅವನದು ವಿಚಿತ್ರ ವರ್ತನೆ. ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಒಂದು ದೊಡ್ಡ ಸ್ಪಂಜಿನ ಮುಂದೆ ನಿಂತು ತುಟಿ ಅಲ್ಲಾಡಿಸುವುದನ್ನು ನಾನೇ ನೋಡಿದೆ. “ಏನು ಅಳಿಯಂದ್ರೇ, ಸ್ಪಂಜು ಏನಂತು?” ಎಂದರೆ ಕಿವಿಯವರೆಗೂ ಕೆಂಪಾದ. ಪಾಪ, ಪ್ರಾಕ್ಟೀಸು ಮಾಡುತ್ತಿದ್ದ!

ಆದರೆ ವರ್ಷದ ಕೊನೆ ಎಂದರೆ ಸೋಫಾದವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಎಲ್ಲರ ಮನೆಗೂ ರಜೆಗೆ ನೆಂಟರು ಬರುತ್ತಾರೆ, ಎಲ್ಲರಿಗೂ ಅಷ್ಟರೊಳಗೆ ಸೋಫಾ ಬೇಕು. ಕೊನೆಯ ದಿನದ ಹಿಂದಿನ ದಿನ ಸಂಜೆಯೊಳಗೆ ಇದ್ದಬದ್ದ ಸೋಫಾಗಳೆಲ್ಲ ಲಗೇಜ್ ಆಟೋ ಹತ್ತಿ ಹೋದವು. ಹಾಲು ಖಾಲಿ. ನೆಲ ಗುಡಿಸಿ, ಚಾಪೆ ಹಾಸಿ, ಅಬ್ಬಾ ಎಂದು ಕೂತೆವು. ಆಗ ಮಗಳು ಬಟಾಣಿಯ ತಲೆ ಬಾಚುತ್ತಾ ಕಿವಿಯ ಹತ್ತಿರ ಕೈ ತಂದವಳು ಹಾಗೇ ನಿಂತಳು.

“ಮಿಷನ್ ಎಲ್ಲಿ?”

ಬಟಾಣಿ ತಲೆಯಾಡಿಸಿದಳು.

“ಎಲ್ಲಿಟ್ಟೆ ಪುಟ್ಟೀ? ಕಿವಿ ಮಿಷನ್, ಎಲ್ಲಿ?” ಮಗಳು ತನ್ನ ಕಿವಿ ತೋರಿಸಿ ತೋರಿಸಿ ಕೇಳಿದಳು.

ಬಟಾಣಿ ತುಟಿಯ ಮೇಲೆ ಬೆರಳಿಟ್ಟು, “ಮಲಗಿದೆ” ಎಂದಳು.

ಮಲಗಿದೆ ಎಂದರೆ ಡಬ್ಬಿಯಲ್ಲಿ ತಾನೇ? ಡಬ್ಬಿ ಖಾಲಿ. ಸರಿ, ಹಾಸಿಗೆಯಲ್ಲಿ ಎಂದು ಹಾಸಿಗೆ ಕೊಡವಿದೆವು. ದಿಂಬುಗಳ ಹೊಲಿಗೆ ಬಿಚ್ಚಿ ಅಳಿಯ ಹತ್ತಿಯನ್ನೆಲ್ಲ ಹೊರಗೆ ಎಳೆದ. ಮಂಚದ ಕೆಳಗೆ, ಬಟ್ಟೆಯ ರಾಶಿಯಲ್ಲಿ, ನನ್ನ ಹಳೆಯ ಯೂನಿಫಾರಮ್ಮಿನ ಜೇಬಿನಲ್ಲಿ, ಎಲ್ಲೆಲ್ಲಿ ಏನೇನು ಮಲಗಬಹುದೋ ಅಲ್ಲೆಲ್ಲ ಹುಡುಕಿದೆವು. ಮೂವರ ಮುಖದ ಮೇಲೂ ಹತ್ತಿ. ಬಟಾಣಿ ಇದೇನೋ ಹೊಸ ಆಟ ಎಂದು ಚಪ್ಪಾಳೆ ತಟ್ಟಿದಳು. ಎಷ್ಟು ಕೇಳಿದರೂ ಅವಳದು ಒಂದೇ ಉತ್ತರ, “ಶ್... ಮಲಗಿದೆ.”

ಮಿಷನ್ ಕೊಟ್ಟವರಿಗೆ ಫೋನು ಮಾಡಿದರೆ, ರಜೆ ಮುಗಿಯುವವರೆಗೆ ಬಾಗಿಲು ಮುಚ್ಚಿರುತ್ತೆ, ಹೊಸದು ಮಾಡಿಸಲು ಅಳತೆಯಿಂದ ಹಿಡಿದು ಎಲ್ಲ ಮತ್ತೆ ಶುರು ಮಾಡಬೇಕು, ತಿಂಗಳುಗಳೇ ಹಿಡಿಯಬಹುದು ಎಂದರು. ಮೊದಲನೆಯದನ್ನು ಕೊಡಿಸಲು ನಾವು ಪಟ್ಟ ಪಡಿಪಾಟಲು ನಮಗೆ ಗೊತ್ತು, ಇನ್ನೊಂದರ ಮಾತು ಸದ್ಯಕ್ಕೆ ಕನಸೇ. ಮಾರನೆಯ ಬೆಳಿಗ್ಗೆ, ಅಂದರೆ ವರ್ಷದ ಕೊನೆಯ ದಿನ, ಬಟಾಣಿಯ ಮಾತು ಅರ್ಧಕ್ಕರ್ಧ ಕಡಿಮೆಯಾಗಿತ್ತು. ನಲ್ಲಿಯ ಹತ್ತಿರ ಹೋಗಿ ತೊಟ್ಟಿಕ್ಕುವುದನ್ನು ನೋಡಿದಳು, ಕುಣಿಯಲಿಲ್ಲ. ಆಮೇಲೆ ಅಪ್ಪ ಸುಮ್ಮನೆ ಬಡಿಯುತ್ತಿದ್ದ ಒಂದು ಹಲಗೆಗೆ ಅಂಗೈ ಒತ್ತಿ ನಿಂತಳು. ಅದನ್ನು ನೋಡಿದ ಅಳಿಯನ ಸುತ್ತಿಗೆ ಅಲ್ಲೇ ನಿಂತಿತು. ಅರ್ಧ ವರ್ಷದಲ್ಲಿ ಹತ್ತಿದ ಮೆಟ್ಟಿಲನ್ನೆಲ್ಲ ಮಗು ಒಂದೇ ದಿನದಲ್ಲಿ ಇಳಿದುಬಿಟ್ಟರೆ ಏನು ಗತಿ?

ಆ ಹೊತ್ತಿಗೆ ಫೋನು ಬಂತು. ನಾನೇ ಎತ್ತಿದೆ.

“ಸೋಫಾ ರಿಪೇರಿಯವ್ರಾ? ಹಲ್ಲಿನ ಕ್ಲಿನಿಕ್ಕಿಂದ ಮಾತಾಡ್ತಿರೋದು. ನಿನ್ನೆ ನೀವು ಕಳಿಸಿದ ಸೋಫಾ ಸೀಟಿ ಹೊಡೀತಿದೆ.”

“ಏನು ಹೊಡೀತಿದೆ?”

“ಸೀಟಿ ರೀ, ಸೀಟಿ! ಮೊದ್ಲೇ ಪೇಷೆಂಟುಗಳು ಹೆದರ್ಕೊಂಡು ಬಂದಿರ್ತಾರೆ. ಕೂತ ತಕ್ಷಣ ಕುಯ್ಯ್ ಅಂತ ಕೂಗುತ್ತೆ. ಇಬ್ರು ಎದ್ದು ಓಡೇಹೋದ್ರು. ಏನು ಕೆಲಸ ಮಾಡ್ತೀರಾ ನೀವು?”

ನನ್ನ ಅಳಿಯನ ಕೆಲಸವನ್ನು ಆಡಿಕೊಂಡರೆ ನಾನು ಸುಮ್ಮನಿರುತ್ತೇನೆಯೇ? ಅದೂ ಆ ದಿನ! “ನೋಡಮ್ಮಾ, ಜೀವಮಾನವೆಲ್ಲ ಸೀಟಿ ಹೊಡೆದಿರೋಳು ನಾನು. ಸೀಟಿ ಹೊಡೆಯೋ ಸೋಫಾ ಎಲ್ಲೂ ಕಂಡಿಲ್ಲ, ಕೇಳಿಲ್ಲ. ಕೂಗ್ತಿರೋದು ನಿಮ್ಮ ಹಲ್ಲು ಕೊರೆಯೋ ಮಿಷನ್ನು. ಹೋಗಿ ಮೊದ್ಲು ಅದಕ್ಕೆ ಎಣ್ಣೆ ಬಿಡಿ!”

“ಅಲ್ರೀ, ಸೋಫಾದ ಕೈಗೆ ಒರಗಿದ್ರೆ ಮಾತ್ರ ಕೂಗುತ್ತೆ. ಎದ್ದ ತಕ್ಷಣ ನಿಲ್ಲುತ್ತೆ. ಹಲ್ಲಿನ ಮಿಷನ್ನಿಗೂ ಅದಕ್ಕೂ ಏನ್ರೀ ಸಂಬಂಧ?”

“ಒರಗಿದ್ರೆ ಕೂಗುತ್ತಂತೆ, ಎದ್ರೆ ನಿಲ್ಲುತ್ತಂತೆ, ಕೇಳಿದ್ರಾ ಕಥೇನಾ?” ಎಂದು ನಾನು ಮನೆಯವರ ಕಡೆ ತಿರುಗಿ ಅಣಕಿಸಿದೆ.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅಳಿಯ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದ. ನೇರ ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡ. ಈ ಮನುಷ್ಯ ಫೋನು ಮುಟ್ಟಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

“ತೆಳ್ಳಗೆ ಕೂಗುತ್ತಾ? ಬಲಗಡೆ ಕೈನಾ? ಯಾರನ್ನೂ ಕೂರಿಸ್ಬೇಡಿ. ಬಂದೆ.”

ಅಷ್ಟು ಹೇಳಿ ಲಗೇಜ್ ಆಟೋ ಕರೆಯಲು ಬರಿಗಾಲಲ್ಲೇ ಓಡಿದ. ಮಗಳಿಗೂ ಅಷ್ಟರಲ್ಲಿ ಹೊಳೆದಿತ್ತು. “ಅಮ್ಮಾ, ಬಟಾಣೀನ ತಬ್ಬಿದ್ರೆ ಕೂಗೋ ಹಾಗೇ ಕೂಗ್ತಿದೆ ಕಣಮ್ಮಾ!” ಎಂದು ಮಗುವನ್ನು ಎತ್ತಿಕೊಂಡು ಅವಳೂ ಹೊರಟಳು. ನಾನು ಬಿಡುತ್ತೇನೆಯೇ? ಲಗೇಜ್ ಆಟೋದ ಹಿಂದೆ ಹಗ್ಗ ಹಿಡಿದು ನಿಂತೆ. ನನಗೇನು, ನಿಂತು ಹೋಗುವುದು ರೂಢಿ.

ಕ್ಲಿನಿಕ್ಕಿನಲ್ಲಿ ಆ ಸೋಫಾದ ಮೇಲೆ, ಬಲಗಡೆಯ ಕೈಗೆ ಸರಿಯಾಗಿ ಒರಗಿ, ಕೆನ್ನೆ ಊದಿಕೊಂಡ ದಢೂತಿ ಮನುಷ್ಯರೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ನೋವಿನಲ್ಲಿ ಅವರಿಗೆ ಸೀಟಿಯ ಚಿಂತೆಯೂ ಇಲ್ಲ, ಯಾರ ಚಿಂತೆಯೂ ಇಲ್ಲ. ಅಳಿಯ ಹೋಗಿ ಎದುರು ನಿಂತ. ಕೈ ಸನ್ನೆ ಮಾಡಿದ. ಗಂಟಲು ಸರಿಮಾಡಿಕೊಂಡ. ಇವನು ಮಾತು ಜೋಡಿಸುವಷ್ಟರಲ್ಲಿ ವರ್ಷವೇ ಕಳೆದುಹೋಗುತ್ತದೆ ಎನ್ನಿಸಿ ನಾನು ಬಾಗಿಲಲ್ಲೇ ನಿಂತು ಕೂಗಿದೆ.

“ಮುಂದೆ ಹೋಗಿ ಸ್ವಾಮಿ, ಮುಂದೆ ಹೋಗಿ! ಮುಂದೆ ಜಾಗ ಇದೆ!”

ದಢೂತಿಯವರು ದಡಬಡಿಸಿ ಎದ್ದು ಮುಂದೆ ಹೋದರು. ಕುರ್ಚಿಗಳಲ್ಲಿ ಕೂತಿದ್ದವರೂ ಎದ್ದು ಮುಂದೆ ಹೋದರು. ಒಳಗಿನಿಂದ ಡಾಕ್ಟರಮ್ಮ ಯಾರದೋ ಹಲ್ಲು ಅರ್ಧಕ್ಕೆ ಬಿಟ್ಟು ಹೊರಗೆ ಬಂದರು.

ಅಳಿಯ ಸೋಫಾದ ಕೈಗೆ ಕಿವಿ ಹಚ್ಚಿ, ಅಂಗೈಯಿಂದ ಒತ್ತಿದ. ಕುಯ್ಯ್... ಎಂದು ಬಲು ಸಣ್ಣ ದನಿ ಬಂತು. ಇನ್ನೊಮ್ಮೆ ಒತ್ತಿದ. ಏನೂ ಇಲ್ಲ. ಮತ್ತೊಮ್ಮೆ. ಇಲ್ಲವೇ ಇಲ್ಲ. ಮಗಳು ನನ್ನ ತೋಳು ಹಿಡಿದ ಹಿಡಿತಕ್ಕೆ ನನಗೆ ನೋವಾಯಿತು. ಅವನು ಸೋಫಾವನ್ನು ಮಗುಚಿ, ತಾನು ಹಿಂದಿನ ದಿನವಷ್ಟೇ ಹೊಡೆದಿದ್ದ ಮೊಳೆಗಳನ್ನು ಒಂದೊಂದಾಗಿ ಕಿತ್ತ. ತಳದ ಬಟ್ಟೆ ಸರಿಸಿ, ಕೈಯ ಟೊಳ್ಳಿನೊಳಗೆ ಬೆರಳು ಹಾಕಿ, ಹತ್ತಿಯ ಒಂದು ಸಣ್ಣ ಉಂಡೆಯನ್ನು ಹೊರಗೆ ತೆಗೆದ.

ಹತ್ತಿಯ ಹಾಸಿಗೆ. ಅದರ ನಡುವೆ ಕಿವಿ ಮಿಷನ್ನು. ಅದರ ಮೇಲೆ ನೀಟಾಗಿ ಹೊದಿಸಿದ ನೀಲಿ ಮಖಮಲ್ಲಿನ ತುಂಡು.

“ಶ್...” ಎಂದಳು ಬಟಾಣಿ, ಅಮ್ಮನ ಕಂಕುಳಿಂದಲೇ ತುಟಿಗೆ ಬೆರಳಿಟ್ಟು. “ಮಲಗಿದೆ.”

ಆಗ ಎಲ್ಲ ಅರ್ಥವಾಯಿತು. ಹಿಂದಿನ ದಿನದ ಗಡಿಬಿಡಿಯಲ್ಲಿ ಶೆಡ್ಡಿನ ಗದ್ದಲ ತಡೆಯಲಾರದೆ ಮಗು ಮಿಷನ್ ತೆಗೆದಿದ್ದಾಳೆ. ತೆಗೆದರೆ ಅದನ್ನು ಮಲಗಿಸಬೇಕಲ್ಲ? ಅಮ್ಮ ಹೇಳಿಕೊಟ್ಟ ಹಾಗೆಯೇ ಹತ್ತಿ ಹಾಸಿದ್ದಾಳೆ, ಹೊದಿಸಿದ್ದಾಳೆ, ತಟ್ಟಿದ್ದಾಳೆ. ಹತ್ತಿ ಎಲ್ಲಿತ್ತು? ಅಪ್ಪ ತುಂಬಿಸಿ ಇನ್ನೂ ಮುಚ್ಚದೆ ಬಿಟ್ಟಿದ್ದ ಸೋಫಾದ ಬಲಗಡೆಯ ಕೈಯೊಳಗೆ. ಊಟ ಮುಗಿಸಿ ಬಂದ ಅಪ್ಪ ಅದಕ್ಕೆ ಮೊಳೆ ಹೊಡೆದು ಆಟೋ ಹತ್ತಿಸಿದ. ಮಲಗಿಸುವ ಮುಂಚೆ ಬ್ಯಾಟರಿಯ ಬಾಗಿಲು ತೆರೆದು ಆರಿಸಬೇಕು ಎಂಬುದೊಂದು ಬಟಾಣಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಅದು ಸೀಟಿ ಎಲ್ಲಿ ಹೊಡೆಯುತ್ತಿತ್ತು?

ಕಥೆ ಕೇಳಿ ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆನ್ನೆ ಊದಿದವರೂ ನಗಲು ಹೋಗಿ ಅಯ್ಯಯ್ಯೋ ಎಂದರು. “ಮಧ್ಯಾಹ್ನದಿಂದ ನಮಗೂ ರಜೆ. ಸೋಫಾ ತಗೊಂಡ್ಹೋಗಿ, ನಿಧಾನಕ್ಕೆ ಸರಿಮಾಡಿ, ರಜೆ ಮುಗಿದ ಮೇಲೆ ತಂದ್ಕೊಡಿ” ಎಂದರು ಡಾಕ್ಟರಮ್ಮ. ಹೊರಡುವಾಗ ಆ ಫೋನಿನ ಹುಡುಗಿಗೆ ನಾನು, “ನೀನು ಬೈದಿದ್ದು ಒಳ್ಳೇದಾಯ್ತು ಕಣಮ್ಮಾ. ಇನ್ನೂ ಸ್ವಲ್ಪ ಮುಂಚೆ ಬೈದಿದ್ರೆ ಇನ್ನೂ ಒಳ್ಳೇದಿತ್ತು” ಎಂದೆ.

ಹೀಗೆ ಖಾಲಿಯಾಗಿದ್ದ ಹಾಲಿಗೆ ಸೋಫಾ ಬಂತು. ಆದರೆ ನಮ್ಮ ಆತಂಕ ಮುಗಿದಿರಲಿಲ್ಲ. ಎಷ್ಟು ಜನ ಅದರ ಮೇಲೆ ಒರಗಿದ್ದಾರೋ, ಒಳಗೆ ಏನು ಜಖಂ ಆಗಿದೆಯೋ! ಮಗಳು ಮಿಷನ್ನನ್ನು ಒರೆಸಿ, ಹೊಸ ಬ್ಯಾಟರಿ ಹಾಕಿ, ಬಟಾಣಿಯ ಕಿವಿಗೆ ಇಟ್ಟು ತಬ್ಬಿಕೊಂಡಳು. ಕುಯ್ಯ್ ಎಂದಿತು. ಜೀವ ಇದೆ. ಆದರೆ ಸೀಟಿ ಹೊಡೆಯುವುದು ಬೇರೆ, ಮಾತು ಸ್ಪಷ್ಟವಾಗಿ ಕೇಳಿಸುವುದು ಬೇರೆ.

“ಕೇಳಿಸ್ತಾ ಪುಟ್ಟೀ?”

ಬಟಾಣಿ ತಲೆಯಾಡಿಸಿದಳು. ಆ ತಲೆಯಾಟವನ್ನು ನಂಬಿ ನಾವು ಒಮ್ಮೆ ಕೆಟ್ಟಿದ್ದೆವು. ನಾನು ಕರೆದು ನೋಡುವಂತಿರಲಿಲ್ಲ, ನನ್ನ ದನಿ ಅವಳಿಗೆ ಮಿಷನ್ ಇಲ್ಲದೆಯೂ ಕೇಳಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಬಟಾಣಿ ಸೋಫಾದ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮುದುಡಿ ಕೂತಿದ್ದಾಗ ಮಗಳು ಹಿಂದಿನಿಂದ ಮೆಲ್ಲಗೆ ಕರೆದಳು.

“ಬಟಾಣಿ...”

ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಕದಲಲೂ ಇಲ್ಲ. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆಯುವುದಕ್ಕೆ ಅಲ್ಲಿ ಒಂದು ಲೋಟವೂ ಇರಲಿಲ್ಲ.

ಆದರೂ ಸಂಜೆ ಅವಳೇ ಎಲ್ಲರನ್ನೂ ಕೂರಿಸಿದಳು. ಪದ್ಧತಿ ಎಂದರೆ ಪದ್ಧತಿ. ಬಟಾಣಿ ನಡುವೆ, ಆಚೀಚೆ ನಾನು, ಮಗಳು. ಅಳಿಯ ಮಾತ್ರ ಬಾಯಿಗೆ ಮೊಳೆ ಹಾಕಿಕೊಂಡು ಸೋಫಾದ ಹಿಂದೆ ಕೂತು ತಳದ ಬಟ್ಟೆ ಸರಿಮಾಡುವ ನೆಪ ಹಿಡಿದಿದ್ದ. ಮೊದಲು ನಾನು. ಎಂಟು ಹೇಳುವವಳು ಅವತ್ತು ಒಂದೇ ಹೇಳಿದೆ: ‘ಅಜ್ಜಿ ಜೋರು’ ಎಂದು ಬಯ್ಯಿಸಿಕೊಂಡದ್ದಕ್ಕೆ ಥ್ಯಾಂಕ್ಸ್. ಮಗಳು, ದೂರು ಕೊಡಲು ಫೋನು ಮಾಡಿದ ಕ್ಲಿನಿಕ್ಕಿನ ಹುಡುಗಿಗೆ ಥ್ಯಾಂಕ್ಸ್ ಎಂದಳು. ಇನ್ನು ಅಳಿಯನ ಸರದಿ. ಅವನು ಹಿಂದೆ ಬಟ್ಟೆ ಎಳೆಯುತ್ತಲೇ ಇದ್ದ. ಈ ವರ್ಷವೂ ತಪ್ಪಿಸಿಕೊಂಡ ಎಂದುಕೊಂಡೆ. ಅಷ್ಟರಲ್ಲಿ ನೆಲದ ಮೇಲೆ ಮೊಳೆಗಳನ್ನು ಇಟ್ಟ ಸದ್ದು ಕೇಳಿಸಿತು.

ಎದುರಿಗೆ ಬಂದು ಹೇಳಲು ನಾಚಿಕೆ, ಮಹಾರಾಯನಿಗೆ. ಸೋಫಾದ ಬೆನ್ನಿನ ಮರೆಯಿಂದಲೇ ಶುರುಮಾಡಿದ. ದನಿ ಎಷ್ಟು ಮೆಲ್ಲಗಿತ್ತೆಂದರೆ ಪಕ್ಕದಲ್ಲಿದ್ದ ನಾನೇ ಕಿವಿಗೊಟ್ಟು ಕೇಳಬೇಕಾಯಿತು.

“ಹೋದ ವರ್ಷ ನಾನು ಕರೆದ್ರೆ ಇವಳು ತಿರುಗ್ತಿರ್ಲಿಲ್ಲ. ನಾನೂ ಕರೆಯೋದು ಬಿಟ್ಬಿಟ್ಟಿದ್ದೆ. ಮಿಷನ್ ಬಂದ್ಮೇಲೆ ಒಂದಿನ ಶೆಡ್ಡಿಂದ ಹೀಗೇ ಮೆಲ್ಲಗೆ ‘ಬಟಾಣಿ’ ಅಂದೆ. ಒಳಗಿಂದ ‘ಏನಪ್ಪಾ’ ಅಂದ್ಳು. ನಂಗೇನೂ ಬೇಕಿರ್ಲಿಲ್ಲ. ಸುಮ್ನೆ ಕರೆದಿದ್ದೆ. ಆ ‘ಏನಪ್ಪಾ’ಗೆ ಥ್ಯಾಂಕ್ಸ್.”

ಇಷ್ಟು ದಿನ ಸ್ಪಂಜಿನ ಮುಂದೆ ಕಲಿತ ಮಾತು ಇದೇ ಇರಬೇಕು. ಆದರೆ ಯಾರಿಗಾಗಿ ಹೇಳಿದನೋ ಆ ಬಟಾಣಿ ಅವನ ಮುಖ ಕಾಣದೆ, ತುಟಿ ಕಾಣದೆ, ಮುಂದೆ ನೋಡುತ್ತ ಕೂತಿದ್ದಳು. ಮಗಳು ತಲೆ ಬಗ್ಗಿಸಿಕೊಂಡಳು.

“ಅಪ್ಪಾ,” ಎಂದಳು ಬಟಾಣಿ, “ಇನ್ನೊಂದ್ಸಲ ಹೇಳು.”

ಸೋಫಾದ ಹಿಂದಿನಿಂದ ಅಳಿಯನ ದನಿ ಇನ್ನೂ ಸಣ್ಣದಾಗಿ ಬಂತು. “ಕೇಳಿಸ್ಲಿಲ್ವಾ ಮಗೂ?”

“ಕೇಳಿಸ್ತು. ಚೆನ್ನಾಗಿತ್ತು. ಇನ್ನೊಂದ್ಸಲ ಹೇಳು.”

ಮಗಳು ಅಳುತ್ತಾ ನಗುತ್ತಾ ಅವಳನ್ನು ಬಾಚಿ ತಬ್ಬಿಕೊಂಡಳು, ಮಿಷನ್ನು ಕುಯ್ಯೆಂದು ಕೂಗಿಕೊಂಡಿತು. “ಕಳ್ಳೀ! ಮತ್ತೆ ಆಗ್ಲೇ ನಾನು ಕರೆದಾಗ ಯಾಕೆ ತಿರುಗ್ಲಿಲ್ಲ?”

ಬಟಾಣಿ ಬೆನ್ನ ಹಿಂದೆ ಅಡಗಿಸಿದ್ದ ಮುಷ್ಟಿಯನ್ನು ತಂದು ಬಿಡಿಸಿದಳು. ಅಂಗೈಯಲ್ಲಿ ಪುಡಿಪುಡಿಯಾದ ಅರ್ಧ ಬಿಸ್ಕತ್ತು. “ಸೋಫಾ ಮೇಲೆ ತಿಂದ್ರೆ ಬಯ್ತೀಯಲ್ಲ!”

ಹಲ್ಲಿನ ಡಾಕ್ಟರಮ್ಮನ ಹೊಸ ಕವರಿನ ತುಂಬ ಬಿಸ್ಕತ್ತಿನ ಪುಡಿ. ಮಗಳು ಬಯ್ಯಲಿಲ್ಲ. ಅಳಿಯ ಕಣ್ಣೊರೆಸಿಕೊಂಡು ಹಿಂದಿನಿಂದ ಎದ್ದು ಬಂದ. ಬರಿಬಾಯಲ್ಲಿ ಬಂದು, ಬಟಾಣಿಯ ಮುಂದೆ ನೆಲದ ಮೇಲೆ ಕೂತು, ಮೊದಲಿನಿಂದ ಇನ್ನೊಂದು ಸಲ ಹೇಳಿದ.